ನಡೆ–ನುಡಿಗಳ ನಡುವೆ



ನಡೆ ಮತ್ತು ನುಡಿ ಒಂದಾಗಿರಬೇಕೆಂಬ ಮಾತನ್ನು ನಾವು ನೀವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರು. ಪ್ರಸಾದನಿಲಯದಲ್ಲಿ ಸಂಜೆಯ ಪ್ರಾರ್ಥನೆಯ ತರುವಾಯ ಹಿರಿಯರು ಹೇಳುತ್ತಿದ್ದ ಹಿತವಚನಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಕಿವಿಗೆ ಬಿದ್ದ ಮಾತು ಇನ್ನೊಂದಿರಲಾರದು. ಅಲ್ಲಿ ನಡೆಯೆಂದರೆ ಆಚಾರ, ನುಡಿಯೆಂದರೆ ಆಡಿದ ಮಾತು. ಆಡಿದಂತೆ ಬಾಳಬೇಕೆಂಬುದು ಅದರ ತಾತ್ಪರ್ಯ. ಆದರೆ ಈ ಎರಡು ಶಬ್ದಗಳಿಗೆ ಮೊದಲಿನ, ಸರಳವಾದ ಅರ್ಥವೊಂದಿದೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ನಡೆಯೆಂದರೆ ಕಾಲೆತ್ತಿ ಹೆಜ್ಜೆಯಿಡುವುದು. ನುಡಿಯೆಂದರೆ ಬಾಯ್ದೆರೆದು ಮಾತನಾಡುವುದು. ಇವೆರಡನ್ನೂ ಏಕಕಾಲದಲ್ಲಿ ಮಾಡಬಲ್ಲ ಶಕ್ತಿಯು ಎಷ್ಟು ದೊಡ್ಡದು, ಆ ಶಕ್ತಿಯು ಕುಂದಿದವರ ವಿಷಯದಲ್ಲಿ ನಮ್ಮ ಕರ್ತವ್ಯವೇನು ಎಂಬುದನ್ನು ಕುರಿತು ತಮ್ಮೊಡನೆ ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ.

ಈ ವಿಚಾರವು ನನ್ನಲ್ಲಿ ಹುಟ್ಟಿದ್ದು ಗ್ರಂಥದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಪ್ರಸಾದನಿಲಯದಲ್ಲಿ ನನ್ನೊಡನೆ ಓದಿದ ಗೆಳೆಯನೊಬ್ಬನಿದ್ದಾನೆ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಮುಂದೆ ಅವನು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕನಾದ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಅವನು ಸಿಕ್ಕ. ಊಟದ ಪಂಕ್ತಿಯ ಕಡೆಗೆ ಇಬ್ಬರೂ ಜೊತೆಯಾಗಿ ಹೊರಟೆವು. ಬಹಳ ದಿನಗಳ ಮೇಲೆ ಕಂಡ ಸಂತೋಷದಲ್ಲಿ ನಾನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ನಡೆದೆ. ಮಗಳ ಮದುವೆಯಾಯಿತೆ? ಮನೆ ಕಟ್ಟುವುದು ಮುಗಿಯಿತೆ? ನಿವೃತ್ತಿ ಎಂದು? ಅವನು ಒಂದಕ್ಕೂ ಉತ್ತರಿಸಲಿಲ್ಲ. ಕಣ್ಣುಗಳು ನೆಲವನ್ನೇ ನೋಡುತ್ತಿದ್ದವು, ಮುಖ ಬಿಗಿದಿತ್ತು. ನನಗೆ ಸಿಟ್ಟು ಬಂತು. “ಏನೋ, ಭಾಳ ದೊಡ್ಡ ಮನಷ್ಯಾ ಆಗೀದಿ ಬಿಡು, ನಮ್ಮ ಜೋಡಿ ಮಾತೂ ಬ್ಯಾಡಾತು” ಎಂದು ನಾಲ್ಕು ಜನ ಕೇಳುವಂತೆಯೇ ಆಡಿಬಿಟ್ಟೆ. ಅವನು ತಟ್ಟನೆ ನಿಂತ. ಪಕ್ಕದ ಕಂಬವನ್ನು ಹಿಡಿದುಕೊಂಡು, ಉಸಿರು ತೆಗೆದುಕೊಂಡು, ನಿಧಾನವಾಗಿ ಹೇಳಿದ: “ನೀ ಕೇಳಿದ್ದೆಲ್ಲಾ ಕೇಳಸ್ತದ. ಆದ್ರ ನಡೀವಾಗ ಉತ್ತರಾ ಕೊಡಲಿಕ್ಕ ಹೋದ್ರ ಕಾಲು ಎಲ್ಲದ ಅನ್ನೂದು ಮರೀತದ. ಕಾಲು ನೆನಪಿಟ್ಟರ ಮಾತು ಮರೀತದ. ಎರಡರಾಗ ಒಂದ ಕೊಡತದ ನನ್ನ ತಲಿ.” ಅವನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ತಗುಲಿ ಆಗಲೇ ಕೆಲವು ವರ್ಷಗಳಾಗಿದ್ದವು.

ಆ ದಿನದ ಊಟ ನನಗೆ ರುಚಿಸಲಿಲ್ಲ. ನಾನು ಅಹಂಕಾರವೆಂದು ಬಗೆದುದು ಅವನ ಶ್ರಮವಾಗಿತ್ತು. ನಾನು ಉದಾಸೀನವೆಂದು ತಿಳಿದುದು ಅವನ ಏಕಾಗ್ರತೆಯಾಗಿತ್ತು. ಹಾಗಾದರೆ ಒಬ್ಬ ಮನುಷ್ಯನ ನಡತೆಯನ್ನು ನಾವು ಯಾವುದರಿಂದ ಅಳೆಯುತ್ತೇವೆ? ಹೊರಗೆ ಕಾಣುವ ಫಲದಿಂದಲೋ, ಒಳಗೆ ಕಾಣದೆ ವೆಚ್ಚವಾಗುವ ಶ್ರಮದಿಂದಲೋ? ಇದು ಕೇವಲ ವೈದ್ಯರ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಆದರೆ ನೀತಿಯನ್ನು ಹೇಳುವ ಮುನ್ನ ಸಂಗತಿಯನ್ನು ತಿಳಿಯುವುದು ಯುಕ್ತ. ಆದುದರಿಂದ ಮೊದಲು ಈ ರೋಗದ ಸ್ವರೂಪವನ್ನು ನೋಡೋಣ.

ನಮ್ಮ ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ವಿದ್ಯುತ್ ತಂತಿಯ ಮೇಲಿನ ರಬ್ಬರಿನ ಹೊದಿಕೆಯಂತೆ ಇದು ನರವನ್ನು ಕಾಯುತ್ತದೆ. ಅಷ್ಟೇ ಅಲ್ಲ, ಸಂಕೇತದ ವೇಗವನ್ನೂ ಹೆಚ್ಚಿಸುತ್ತದೆ. ಹೊದಿಕೆಯುಳ್ಳ ದಪ್ಪ ತಂತುವಿನಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಓಡಬಲ್ಲದು. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಅದರ ವೇಗವು ಒಂದೆರಡು ಮೀಟರ್ ಮಾತ್ರ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ದೇಹದ ರಕ್ಷಣಾಪಡೆಯೇ ದಾರಿತಪ್ಪಿ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೊದಿಕೆ ಹರಿದ ಕಡೆಗಳಲ್ಲಿ ಗಟ್ಟಿಯಾದ ಕಲೆಗಳು ಉಳಿಯುತ್ತವೆ. ಅಲ್ಲಿ ಸಂಕೇತವು ನಿಧಾನವಾಗುತ್ತದೆ, ತಡವರಿಸುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಜೀನ್ ಮಾರ್ಟಿನ್ ಶಾರ್ಕೋ ಎಂಬಾತನು 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ನಿರೂಪಿಸಿದನು. ಅದಕ್ಕೂ ಮೊದಲೇ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗ ಅಗಸ್ಟಸ್ ಡಿ’ಎಸ್ಟೆ ಎಂಬುವನು 1822ರಲ್ಲಿ ತನ್ನ ದೃಷ್ಟಿ ಮಸುಕಾದುದರಿಂದ ಮೊದಲುಗೊಂಡು ಈ ರೋಗದ ಗತಿಯನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟನು. ರೋಗದ ಹೆಸರು ಹುಟ್ಟುವ ಮೊದಲೇ ರೋಗಿಯು ಅದನ್ನು ಬಾಳಿದನು.

2020ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಗಣತಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ರೋಗವಿದೆ. ಇದು ಬಹುಮಟ್ಟಿಗೆ 20ರಿಂದ 40ರ ವಯಸ್ಸಿನೊಳಗೆ, ಎಂದರೆ ದುಡಿಯುವ ಹಾಗೂ ಮಕ್ಕಳನ್ನು ಬೆಳೆಸುವ ಕಾಲದಲ್ಲಿ ತೋರುತ್ತದೆ; ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಚಳಿಯ ದೇಶಗಳಲ್ಲಿ ಅಧಿಕವಾದ ಈ ರೋಗವು ನಮ್ಮಲ್ಲಿ ಇಲ್ಲವೇ ಇಲ್ಲವೆಂಬ ಭಾವನೆ ಬಹುಕಾಲವಿದ್ದಿತು. ಆದರೆ ನಮ್ಮ ಮಂಗಳೂರು ನಗರದಲ್ಲಿಯೇ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಲಕ್ಷಕ್ಕೆ ಸುಮಾರು 8 ಜನರಲ್ಲಿ ಇದನ್ನು ಕಂಡಿತು. ವಿರಳವೆನ್ನಬಹುದು, ಇಲ್ಲವೆನ್ನುವಂತಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂತಹ ರೋಗವನ್ನು ಕಂಡಾಗ “ಯಾವ ಜನ್ಮದ ಪಾಪವೋ” ಎನ್ನುವ ನಾಲಿಗೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಅಮೆರಿಕದ ಸೇನೆಯಲ್ಲಿ ದುಡಿದ ಒಂದು ಕೋಟಿಗೂ ಹೆಚ್ಚು ಜನರ ರಕ್ತಪರೀಕ್ಷೆಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಸಂಶೋಧನೆಯು, ಎಪ್‌ಸ್ಟೀನ್–ಬಾರ್ ಎಂಬ ಸರ್ವಸಾಮಾನ್ಯವಾದ ವೈರಸ್ಸಿನ ಸೋಂಕಾದ ಮೇಲೆ ಈ ರೋಗದ ಸಂಭವವು 32 ಪಟ್ಟು ಏರುವುದನ್ನು ತೋರಿಸಿತು. ಆ ವೈರಸ್ಸು ಜಗತ್ತಿನ ಬಹುಪಾಲು ವಯಸ್ಕರ ದೇಹದಲ್ಲಿದೆ. ಪ್ರಾಯಶಃ ತಮ್ಮಲ್ಲಿಯೂ ಇದೆ, ನನ್ನಲ್ಲಿಯೂ ಇದೆ. ಕೆಲವರಲ್ಲಿ ಮಾತ್ರ, ವಂಶಗುಣ ಮೊದಲಾದ ಇತರ ಕಾರಣಗಳು ಕೂಡಿಬಂದು, ರೋಗವು ತಲೆಯೆತ್ತುತ್ತದೆ. ಹೀಗಿರಲು ಇದರಲ್ಲಿ ಪಾಪದ ಶಿಕ್ಷೆಯನ್ನು ಹುಡುಕುವುದು ಅಜ್ಞಾನ ಮಾತ್ರವಲ್ಲ, ಬಿದ್ದವರ ಮೇಲೆ ಕಲ್ಲೆಸೆದಂತೆ.

ಇನ್ನು ನಡಿಗೆಯ ವಿಷಯ. ನಡೆಯುವುದು ಅತ್ಯಂತ ಸುಲಭವಾದ ಕೆಲಸವೆಂದು ನಾವು ತಿಳಿದಿದ್ದೇವೆ. ಒಂದು ಮಗುವು ನಡೆಯಲು ಕಲಿಯುವುದನ್ನು ನೋಡಿದವರು ಹಾಗೆನ್ನಲಾರರು. ಅದು ಮೊದಲ ಹೆಜ್ಜೆಗಳನ್ನಿಡುವಾಗ ಇಡೀ ಮೈಯೆಲ್ಲ ಮನಸ್ಸಾಗಿರುತ್ತದೆ. ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡಿ ಕುಳಿತುಬಿಡುತ್ತದೆ. ಕಾಲಕ್ರಮದಲ್ಲಿ ಆ ಶ್ರಮವು ಕೆಳಗಿಳಿದು ಅಭ್ಯಾಸವಾಗುತ್ತದೆ. ಕಾಲುಗಳ ಲಯಬದ್ಧವಾದ ಚಲನೆಗೆ ಬೇಕಾದ ಮೂಲ ವ್ಯವಸ್ಥೆಯು ಬೆನ್ನುಹುರಿಯಲ್ಲಿಯೇ ಇದೆಯೆಂಬುದನ್ನು ಗ್ರಹಾಂ ಬ್ರೌನ್ ಎಂಬ ವಿಜ್ಞಾನಿಯು 1911ರಲ್ಲಿಯೇ ಬೆಕ್ಕುಗಳ ಮೇಲಿನ ಪ್ರಯೋಗದಿಂದ ತೋರಿಸಿದನು. ಕಿರುಮೆದುಳು ತೂಕವನ್ನು ಸರಿದೂಗಿಸುತ್ತದೆ. ಒಳಕಿವಿ, ಕಣ್ಣು, ಅಂಗಾಲು ಇವು ಕ್ಷಣಕ್ಷಣಕ್ಕೂ ವರದಿ ಕಳುಹಿಸುತ್ತವೆ. ಈ ನಂಬಿಕಸ್ಥ ಸೇವಕರೆಲ್ಲ ತಂತಮ್ಮ ಕೆಲಸ ಮಾಡುತ್ತಿರುವುದರಿಂದ ಮನೆಯ ಯಜಮಾನನಾದ ಮನಸ್ಸು ನಿಶ್ಚಿಂತವಾಗಿ ಮಾತನಾಡುತ್ತದೆ, ಲೆಕ್ಕ ಹಾಕುತ್ತದೆ, ಕನಸು ಕಾಣುತ್ತದೆ.

ಆದರೂ ಆ ನಿಶ್ಚಿಂತೆಗೆ ಒಂದು ಮಿತಿಯುಂಟು. ಅರ್ಥಶಾಸ್ತ್ರದಲ್ಲಿ 2002ರ ನೊಬೆಲ್ ಪುರಸ್ಕಾರ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಅವರು 2011ರ ತಮ್ಮ ಗ್ರಂಥದಲ್ಲಿ ಒಂದು ಸಣ್ಣ ಪ್ರಯೋಗವನ್ನು ಸೂಚಿಸಿದ್ದಾರೆ. ಜೊತೆಯಲ್ಲಿ ಆರಾಮವಾಗಿ ನಡೆಯುತ್ತಿರುವ ಗೆಳೆಯನಿಗೆ 23ನ್ನು 78ರಿಂದ ಗುಣಿಸೆಂದು ಹೇಳಿದರೆ ಅವನು ಬಹುತೇಕ ನಿಂತೇಬಿಡುತ್ತಾನೆ. ತಾವೂ ಇದನ್ನು ಇಂದೇ ಮಾಡಿ ನೋಡಬಹುದು. ಉತ್ತರ 1794, ಅದು ಮುಖ್ಯವಲ್ಲ, ನಿಂತ ಕಾಲು ಮುಖ್ಯ. ತುಂಬಿದ ಕೊಡವನ್ನು ಹೊತ್ತು ಕೆಸರಿನ ದಾರಿಯಲ್ಲಿ ಬರುವ ತಾಯಿಯು ಮಾತನ್ನು ನಿಲ್ಲಿಸುತ್ತಾಳೆ. ಹಳ್ಳವನ್ನು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟುವವನು ಹರಟೆಯನ್ನು ದಡದಲ್ಲಿಯೇ ಬಿಡುತ್ತಾನೆ. ಎಂದಮೇಲೆ ಗಮನವೆಂಬುದು ಅಕ್ಷಯಪಾತ್ರೆಯಲ್ಲ, ಎಣಿಸಿಟ್ಟ ಹಣ. ನಡಿಗೆಗೆ ಹೆಚ್ಚು ವೆಚ್ಚವಾದಷ್ಟೂ ನುಡಿಗೆ ಉಳಿಯುವುದು ಕಡಿಮೆ.

ಈಗ ಹೊದಿಕೆ ಹರಿದ ನರಗಳುಳ್ಳವನ ಸ್ಥಿತಿಯನ್ನು ಊಹಿಸಿರಿ. ಅಂಗಾಲಿನ ವರದಿ ತಡವಾಗಿ ಬರುತ್ತದೆ. ಮೆದುಳಿನ ಆಜ್ಞೆ ತಡವಾಗಿ ಇಳಿಯುತ್ತದೆ. ಸೇವಕರು ಕೈಬಿಟ್ಟ ಮನೆಯಲ್ಲಿ ಯಜಮಾನನೇ ಕಸ ಗುಡಿಸಿ, ನೀರು ಸೇದಿ, ಅಡುಗೆ ಮಾಡಬೇಕಾಗುತ್ತದೆ. ಜಗತ್ಪ್ರಸಿದ್ಧ ಚೆಲ್ಲೋ ವಾದಕಿ ಜಾಕ್ವೆಲಿನ್ ಡು ಪ್ರೇ ಅವರ ಬಾಳಿನಲ್ಲಿ ಇದು ಹೃದಯವಿದ್ರಾವಕವಾಗಿ ತೋರಿತು. 1973ರಲ್ಲಿ ನ್ಯೂಯಾರ್ಕಿನ ಕಚೇರಿಗಳ ವೇಳೆಗೆ ಅವರ ಬೆರಳುಗಳು ಸ್ಪರ್ಶವನ್ನೇ ಕಳೆದುಕೊಂಡಿದ್ದವು. ಬೆರಳು ತಂತಿಯ ಮೇಲೆ ಎಲ್ಲಿದೆಯೆಂಬುದನ್ನು ಕಣ್ಣಿನಿಂದ ನೋಡಿ ತಿಳಿದು ನುಡಿಸಬೇಕಾಯಿತು. ಬಾಲ್ಯದಿಂದ ಬೆರಳೇ ಬಲ್ಲ ವಿದ್ಯೆಯನ್ನು ಕಣ್ಣಿನ ಕಾವಲಿನಲ್ಲಿ ಮಾಡುವ ಪ್ರಸಂಗ! ಆ ವರ್ಷವೇ ಅವರಿಗೆ ಈ ರೋಗವಿರುವುದು ನಿಶ್ಚಿತವಾಯಿತು. 1987ರಲ್ಲಿ ಅವರು ತೀರಿಕೊಂಡರು. ಅವರ ಬೆರಳಿಗೆ ಬಂದ ಗತಿಯೇ ನನ್ನ ಗೆಳೆಯನ ಕಾಲಿಗೆ ಬಂದಿದೆ.

ವಿಜ್ಞಾನಿಗಳು ಇದನ್ನು ಅಳೆಯುವ ವಿಧಾನವು ಸರಳವಾಗಿದೆ. ಮೊದಲು ವ್ಯಕ್ತಿಯನ್ನು ಸುಮ್ಮನೆ ನಡೆಸುತ್ತಾರೆ. ಬಳಿಕ ಕುಳ್ಳಿರಿಸಿ ಒಂದು ಬುದ್ಧಿಯ ಕೆಲಸ ಕೊಡುತ್ತಾರೆ: ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದು, ಅಕ್ಷರಮಾಲೆಯನ್ನು ಒಂದು ಬಿಟ್ಟು ಒಂದು ಹೇಳುವುದು, ಕೇಳಿದ ಅಂಕಿಗಳನ್ನು ಹಾಗೆಯೇ ಒಪ್ಪಿಸುವುದು ಇತ್ಯಾದಿ. ಕೊನೆಗೆ ಎರಡನ್ನೂ ಒಟ್ಟಿಗೆ ಮಾಡಿಸುತ್ತಾರೆ. ಒಂಟಿಯಾಗಿ ಮಾಡಿದಾಗಿನ ವೇಗಕ್ಕೂ ಜೋಡಿಯಾಗಿ ಮಾಡಿದಾಗಿನ ವೇಗಕ್ಕೂ ಇರುವ ಅಂತರವನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಸುಮ್ಮನೆ ನಡೆದಾಗ ಸೆಕೆಂಡಿಗೆ 100 ಸೆಂಟಿಮೀಟರ್, ಲೆಕ್ಕ ಮಾಡುತ್ತ ನಡೆದಾಗ 80 ಸೆಂಟಿಮೀಟರ್ ಆದರೆ ತೆತ್ತ ಬೆಲೆಯು ಶೇಕಡಾ 20. ಈ ರೋಗವುಳ್ಳವರಲ್ಲಿ ನಡಿಗೆಯ ವೇಗ ಇಳಿಯುತ್ತದೆ, ಹೆಜ್ಜೆ ಗಿಡ್ಡದಾಗುತ್ತದೆ, ಎರಡೂ ಪಾದಗಳು ನೆಲದ ಮೇಲಿರುವ ಅವಧಿ ಹೆಚ್ಚುತ್ತದೆಂದು ಇಂತಹ ಅನೇಕ ಪರೀಕ್ಷೆಗಳು ತೋರಿಸಿವೆ. ನಡೆಯುವಾಗ ಮೆದುಳಿನ ಮುಂಭಾಗದಲ್ಲಿ ರಕ್ತದ ಸಂಚಾರವನ್ನು ಹಣೆಗೆ ಕಟ್ಟಿದ ಬೆಳಕಿನ ಉಪಕರಣದಿಂದ ಅಳೆದವರು, ಆರೋಗ್ಯವಂತರಿಗಿಂತ ಈ ರೋಗಿಗಳಲ್ಲಿ ಆ ಭಾಗವು ಹೆಚ್ಚು ದುಡಿಯುವುದನ್ನು ಕಂಡಿದ್ದಾರೆ. ಯಜಮಾನನೇ ದುಡಿಯುತ್ತಿದ್ದಾನೆ ಎಂದು ನಾನು ಮೇಲೆ ಹೇಳಿದುದಕ್ಕೆ ಇದು ಸಾಕ್ಷಿ.

ಈ ಪರೀಕ್ಷೆಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ ಬೇರೊಂದಿದೆ. ಬುದ್ಧಿಯ ಕೆಲಸವನ್ನು ಸೇರಿಸಿದಾಗ ಆರೋಗ್ಯವಂತರ ನಡಿಗೆಯೂ ನಿಧಾನವಾಗುತ್ತದೆ. ಇಳಿಕೆಯ ಶೇಕಡಾ ಪ್ರಮಾಣವು ರೋಗಿಗಳಲ್ಲಿ ಹೆಚ್ಚೆಂದು ಕೆಲವು ಅಧ್ಯಯನಗಳು ಹೇಳಿದರೆ, ಇಬ್ಬರಲ್ಲಿಯೂ ಅದು ಹೆಚ್ಚುಕಡಿಮೆ ಒಂದೇ ಎಂದು ಬೇರೆ ಕೆಲವು ಹೇಳಿವೆ. “ಹಾಗಾದರೆ ರೋಗಿಗೆ ವಿಶೇಷವಾದ ತೊಂದರೆಯೇನು?” ಎಂದು ತಾವು ಕೇಳಬಹುದು. ಉದಾಹರಣೆಗೆಂದು ಒಂದು ಲೆಕ್ಕ ಮಾಡೋಣ. ಒಂಬತ್ತು ಮೀಟರ್ ಅಗಲದ ರಸ್ತೆಯನ್ನು ಇಬ್ಬರು ದಾಟುತ್ತಿದ್ದಾರೆ. ಒಬ್ಬನ ವೇಗ ಸೆಕೆಂಡಿಗೆ 130 ಸೆಂಟಿಮೀಟರ್, ಇನ್ನೊಬ್ಬನದು 70. ಮಾತಿನ ದೆಸೆಯಿಂದ ಇಬ್ಬರ ವೇಗವೂ ಹತ್ತನೆಯ ಒಂದು ಪಾಲು ಇಳಿಯಿತೆನ್ನಿ. ಮೊದಲನೆಯವನಿಗೆ ಸುಮಾರು 7 ಸೆಕೆಂಡಿನ ದಾರಿಗೆ ಮುಕ್ಕಾಲು ಸೆಕೆಂಡು ಹೆಚ್ಚು ಹಿಡಿಯಿತು. ಅವನಿಗೆ ಅದು ತಿಳಿಯಲೂ ಇಲ್ಲ. ಎರಡನೆಯವನಿಗೆ ಸುಮಾರು 13 ಸೆಕೆಂಡಿನ ದಾರಿಗೆ ಒಂದೂವರೆ ಸೆಕೆಂಡಿನಷ್ಟು ಹೆಚ್ಚಾಯಿತು. ಆ ಒಂದೂವರೆ ಸೆಕೆಂಡನ್ನು ಅವನು ಕಳೆಯುವುದು ಬರುತ್ತಿರುವ ಲಾರಿಯ ಮುಂದೆ. ಹತ್ತರಲ್ಲಿ ಒಂದು ಪಾಲಿನ ತೆರಿಗೆಯನ್ನು ಸಾಹುಕಾರನಿಂದಲೂ ಕೂಲಿಕಾರನಿಂದಲೂ ಸಮನಾಗಿ ಎತ್ತಿದರೆ ಸಾಹುಕಾರನ ಮನೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಕೂಲಿಕಾರನ ಮನೆಯಲ್ಲಿ ಒಂದು ಹೊತ್ತಿನ ಊಟ ತಪ್ಪುತ್ತದೆ. ಸಮಾನವಾದ ಬೇಡಿಕೆಯು ಸಮಾನವಾದ ಭಾರವಲ್ಲ. ನಾವು ಎಲ್ಲರನ್ನೂ ಒಂದೇ ರೀತಿ ನಡೆಸಿಕೊಳ್ಳುತ್ತೇವೆಂದು ಹೆಮ್ಮೆಪಡುವಾಗ ಈ ಭೇದವನ್ನು ಮರೆಯುತ್ತೇವೆ.

ಇದು ಬರಿಯ ಅನಾನುಕೂಲದ ಮಾತಲ್ಲ. 1997ರಲ್ಲಿ ಸ್ವೀಡನ್ ದೇಶದ ಸಂಶೋಧಕರು 58 ಮಂದಿ ವೃದ್ಧರೊಡನೆ ನಡೆಯುತ್ತ ಮಾತನಾಡಿ ನೋಡಿದರು. ಇವರು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲ, ಆಶ್ರಯಧಾಮದ ವೃದ್ಧರು. ಮಾತು ಆರಂಭವಾದೊಡನೆ 12 ಮಂದಿ ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12 ಮಂದಿಯಲ್ಲಿ 10 ಮಂದಿ ಬಿದ್ದರು. ಮಾತಿಗೆ ನಿಲ್ಲುವ ಕಾಲು ಬೀಳುವ ಅಪಾಯದ ಸೂಚನೆಯೆಂಬುದು ಅಂದಿನಿಂದ ವೈದ್ಯಲೋಕಕ್ಕೆ ಮನವರಿಕೆಯಾಯಿತು. ಇನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಉಳ್ಳವರ ವಿಷಯದಲ್ಲಿ, ನಾಲ್ಕು ದೇಶಗಳ 537 ಜನರ ವಿವರಗಳನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಮೂರು ತಿಂಗಳೊಳಗೆ ಶೇಕಡಾ 56 ಮಂದಿ ಒಮ್ಮೆಯಾದರೂ ಬಿದ್ದರೆಂದು ತಿಳಿಸುತ್ತದೆ.

ಇಲ್ಲಿಯೇ ನೀತಿಯ ಗಂಟು ಇದೆ. ಎರಡು ಕೆಲಸಗಳು ಎದುರಾದಾಗ ಮನುಷ್ಯನು ಯಾವುದನ್ನು ಬಿಡಬೇಕು? ಕಾಲನ್ನು ಕಾಪಾಡಿಕೊಂಡು ಮಾತನ್ನು ಬಿಡುವುದು ಕ್ಷೇಮ. ಆದರೆ ಪ್ರಯೋಗಶಾಲೆಯಲ್ಲಿಯೂ ಕೆಲವರು ಕೇಳಿದ ಪ್ರಶ್ನೆಗೆ ಮೊದಲ ಗಮನ ಕೊಟ್ಟು ಕಾಲನ್ನು ಅದರ ಪಾಡಿಗೆ ಬಿಡುತ್ತಾರೆ. ಏಕೆ? ಮಾತಿಗೆ ಮರುಮಾತು ಕೊಡದಿರುವುದು ಅಸಭ್ಯತೆಯೆಂದು ನಾವೆಲ್ಲ ಕಲಿತಿದ್ದೇವೆ. ಹಿರಿಯರು ಕೇಳಿದರೆ ಉತ್ತರಿಸಬೇಕು, ಬಂಧುಗಳು ಕರೆದರೆ ಓಗೊಡಬೇಕು. ಆ ಸಭ್ಯತೆಯನ್ನು ಕಾಯಲು ಹೋಗಿ ಒಬ್ಬನು ಮೆಟ್ಟಿಲ ಮೇಲೆ ಕಾಲು ತಪ್ಪಿದರೆ, ಬಿದ್ದವನು ಅವನಾದರೂ ಕೆಡವಿದವರು ಯಾರು? ಅಂದು ನನ್ನ ಗೆಳೆಯನು ಅಸಭ್ಯನೆನಿಸಿಕೊಳ್ಳಲು ಒಪ್ಪಿ ನೆಟ್ಟಗೆ ನಡೆದ. ಇನ್ನೊಬ್ಬನಾಗಿದ್ದರೆ ನನ್ನ ಸ್ನೇಹಕ್ಕೆ ಅಂಜಿ ಉತ್ತರಿಸುತ್ತ ನಡೆದು ಸೊಂಟ ಮುರಿದುಕೊಳ್ಳಬಹುದಾಗಿತ್ತು. ನನ್ನ ಪ್ರೀತಿಯ ಪ್ರಶ್ನೆಗಳು ಅವನ ಪಾಲಿಗೆ ದಾರಿಯಲ್ಲಿಟ್ಟ ಕಲ್ಲುಗಳಾಗಿದ್ದವು.

ಇದಕ್ಕೆ ಇಬ್ಬರು ಇಬ್ಬಗೆಯ ಪರಿಹಾರ ಹೇಳಬಹುದು. ಮೊದಲನೆಯವರು, “ಅಂಥವರನ್ನು ಮಾತನಾಡಿಸದೆ ಬಿಡುವುದೇ ಲೇಸು, ಅವರಿಗೆ ಯಾವ ಹೊಣೆಯನ್ನೂ ಹೊರಿಸಬಾರದು” ಎನ್ನುತ್ತಾರೆ. ಇದು ದಯೆಯಂತೆ ಕಂಡರೂ ಎರಡನೆಯ ಅನ್ಯಾಯ. ನನ್ನ ಗೆಳೆಯನು ಕುಳಿತುಕೊಂಡರೆ ಇಂದಿಗೂ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಾನೆ. ಈ ರೋಗವುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವಿಚಾರದ ವೇಗ, ನೆನಪು ಮೊದಲಾದವುಗಳಲ್ಲಿ ಒಂದಿಷ್ಟು ತೊಡಕು ಬರುವುದುಂಟು. ಆದರೆ ನಿಧಾನವಾದ ಬುದ್ಧಿಯು ಇಲ್ಲದ ಬುದ್ಧಿಯಲ್ಲ. ಕಾಲು ತಡವರಿಸಿತೆಂದು ಮನೆಯ ಮಾತುಕತೆಯಿಂದ, ಊರಿನ ಪಂಚಾಯಿತಿಯಿಂದ, ಶಾಲೆಯ ಪಾಠದಿಂದ ಅವರನ್ನು ಹೊರಗಿಡುವುದು ಜೀವಂತವಿರುವವರನ್ನು ಮರೆತಂತೆ. ಅವರ ಪಾಲಿನ ಮಾತನ್ನು ಕಿತ್ತುಕೊಳ್ಳಬೇಕಾಗಿಲ್ಲ, ಅದಕ್ಕೆ ಕಾಯಬೇಕಾಗಿದೆ.

ಎರಡನೆಯವರು, “ಇದು ಒಂದು ಬಗೆಯ ಸಾಧನೆಯೇ ಸರಿ. ಒಂದು ಹೊತ್ತಿಗೆ ಒಂದೇ ಕೆಲಸ ಎಂಬ ಏಕಾಗ್ರತೆಯು ರೋಗದ ಮೂಲಕ ಅವರಿಗೆ ಸಿದ್ಧಿಸಿದೆ” ಎಂದು ಹೊಗಳುತ್ತಾರೆ. ಇದೂ ಸರಿಯಲ್ಲ. ಏಕಾಗ್ರತೆಯು ಸದ್ಗುಣವಾಗುವುದು ಅದನ್ನು ನಾವಾಗಿ ಆರಿಸಿಕೊಂಡಾಗ. ಉಪವಾಸವು ವ್ರತವಾಗುವುದು ಮನೆಯಲ್ಲಿ ಅನ್ನವಿದ್ದಾಗ. ಅನ್ನವಿಲ್ಲದವನ ಹಸಿವನ್ನು ವ್ರತವೆಂದು ಕೊಂಡಾಡುವುದು ಕ್ರೌರ್ಯ. ರೋಗಿಯ ಕಷ್ಟವನ್ನು ನಮ್ಮ ಉಪದೇಶದ ದೃಷ್ಟಾಂತವಾಗಿ ಮಾಡಿಕೊಳ್ಳುವ ಚಪಲವನ್ನು ನಾವು ಲೇಖಕರು, ಉಪನ್ಯಾಸಕರು ಬಿಡಬೇಕು. ಹೀಗೆ ಹೇಳುವಾಗ ಈ ಲೇಖನವೂ ಆ ದೋಷದಿಂದ ಪೂರ್ತಿ ಮುಕ್ತವಲ್ಲವೆಂದು ನಾನು ಬಲ್ಲೆ. ಆದುದರಿಂದಲೇ ಉಪದೇಶವನ್ನು ಅವರ ಕಡೆಗಲ್ಲ, ನಮ್ಮ ಕಡೆಗೆ ತಿರುಗಿಸುತ್ತಿದ್ದೇನೆ.

ನಮ್ಮ ಕಡೆಗೆ ತಿರುಗಿದಾಗ ಹೊಳೆಯುವ ಮೊದಲ ಸತ್ಯವಿದು: ನಡೆಯುತ್ತ ನುಡಿಯುವ ನಮ್ಮ ಸಾಮರ್ಥ್ಯವು ನಾವು ದುಡಿದು ಗಳಿಸಿದುದಲ್ಲ. ಕೂದಲಿಗಿಂತ ತೆಳುವಾದ ಹೊದಿಕೆಯೊಂದು ಹರಿಯದೆ ಉಳಿದಿದೆ, ಅಷ್ಟೆ. ಅದು ನಮ್ಮ ಯೋಗ್ಯತೆಯಲ್ಲ. ಹಾಗೆಯೇ ಅದು ಹರಿದಿರುವುದು ಅವರ ಅಯೋಗ್ಯತೆಯಲ್ಲ. ಎರಡನೆಯ ಸತ್ಯ: ಶ್ರಮವು ಯಾವಾಗಲೂ ಕಣ್ಣಿಗೆ ಕಾಣುವುದಿಲ್ಲ. ಬೆವರಿಳಿಸಿ ನೆಲ ಅಗೆಯುವವನ ದುಡಿಮೆಯನ್ನು ಗೌರವಿಸಲು ಕಲಿತ ನಾವು, ಇಪ್ಪತ್ತು ಹೆಜ್ಜೆಯ ಪಡಸಾಲೆಯನ್ನು ಮನಸ್ಸಿನ ಬೆವರು ಸುರಿಸಿ ದಾಟುವವನ ದುಡಿಮೆಯನ್ನೂ ದುಡಿಮೆಯೆಂದು ಎಣಿಸಬೇಕು. ಅವನು ಸಂಜೆಗೆ ದಣಿದು ಮಲಗಿದರೆ “ದಿನವಿಡೀ ಏನು ಮಾಡಿದನೆಂದು ಇಷ್ಟು ದಣಿವು?” ಎಂದು ಮನೆಯವರು ಕೇಳಬಾರದು.

ಮೂರನೆಯದು ಆಚರಣೆಯ ಮಾತು. ಇದಕ್ಕೆ ಹಣ ಬೇಡ, ದೊಡ್ಡ ವಿದ್ಯೆಯೂ ಬೇಡ. ಇಂತಹ ವ್ಯಕ್ತಿಯು ನಡೆಯುತ್ತಿರುವಾಗ ಹಿಂದಿನಿಂದ ಕೂಗಿ ಕರೆಯಬೇಡಿರಿ. ಮಾತನಾಡಬೇಕೆನಿಸಿದರೆ ಮೊದಲು ತಾವು ನಿಲ್ಲಿರಿ. ಅವರೂ ನಿಂತ ಮೇಲೆ, ಸಾಧ್ಯವಾದರೆ ಕುಳಿತ ಮೇಲೆ, ಕೇಳಿರಿ. ಒಂದು ಪ್ರಶ್ನೆಗೆ ಉತ್ತರ ಬರುವ ತನಕ ಇನ್ನೊಂದನ್ನು ಎಸೆಯಬೇಡಿರಿ. ಮೆಟ್ಟಿಲು ಹತ್ತುವಾಗ, ರಸ್ತೆ ದಾಟುವಾಗ ಮೌನವೇ ಒಳ್ಳೆಯ ಜೊತೆಗಾರ. ದೂರವಾಣಿಯ ಕರೆ ಬಂದರೆ ನಿಂತು ಮಾತನಾಡುವಂತೆ ಹೇಳಿರಿ. ಮನೆಯ ನಡುವೆ ಬಿಂದಿಗೆ, ಚಪ್ಪಲಿ, ಚಾಪೆಯ ಅಂಚು ಕಾಲಿಗೆ ತೊಡರದಂತೆ ನೋಡಿಕೊಳ್ಳಿರಿ; ಪ್ರತಿಯೊಂದು ಅಡಚಣೆಯೂ ಅವರ ಗಮನದ ಗಂಟಿನಿಂದ ಒಂದಿಷ್ಟನ್ನು ಕಸಿಯುತ್ತದೆ. ದೇಹದ ಬಿಸಿ ಏರಿದಾಗ ಹೊದಿಕೆ ಹರಿದ ನರಗಳು ಇನ್ನಷ್ಟು ತಡವರಿಸುತ್ತವೆ. ಕಲಬುರ್ಗಿ, ರಾಯಚೂರು, ವಿಜಯಪುರಗಳ ಬೇಸಿಗೆಯನ್ನು ಬಲ್ಲ ತಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ನಡುಹಗಲಿನ ಜಾತ್ರೆಗೆ, ತೇರಿನ ನೂಕುನುಗ್ಗಲಿಗೆ ಅವರನ್ನು ಒತ್ತಾಯಿಸಿ ಕರೆದೊಯ್ಯುವುದಕ್ಕಿಂತ ಬೆಳಗಿನ ತಂಪಿನಲ್ಲಿ ಜೊತೆಗೊಯ್ಯುವುದು ಮೇಲು. ಸಭೆ ಸಮಾರಂಭಗಳನ್ನು ಏರ್ಪಡಿಸುವ ಸಂಸ್ಥೆಗಳು ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ, ದಾರಿಗೆ ಸಾಕಷ್ಟು ಬೆಳಕು, ನಡುನಡುವೆ ಕುಳಿತುಕೊಳ್ಳಲು ಒಂದು ಬೆಂಚು ಇಷ್ಟನ್ನಾದರೂ ಒದಗಿಸಬೇಕು.

ಔಷಧೋಪಚಾರದಲ್ಲಿ ಆಶೆಗೆ ಎಡೆಯಿಲ್ಲವೆಂದು ಯಾರೂ ತಿಳಿಯಬಾರದು. ರೋಗವನ್ನು ಬೇರುಸಹಿತ ಕೀಳುವ ಮದ್ದು ಇಲ್ಲದಿದ್ದರೂ, ಅದರ ಮರುಕಳಿಕೆಯನ್ನು ತಗ್ಗಿಸುವ ಮೊದಲ ಔಷಧವು ಅಮೆರಿಕದಲ್ಲಿ 1993ರಲ್ಲಿ ಮನ್ನಣೆ ಪಡೆಯಿತು. ನಡಿಗೆಯ ವೇಗವನ್ನು ಕೆಲವರಲ್ಲಿ ಹೆಚ್ಚಿಸುವ ಮಾತ್ರೆಯು 2010ರಲ್ಲಿ ಬಂದಿತು. ನಿಲ್ಲದೆ ಮುಂದುವರಿಯುವ ಬಗೆಯ ರೋಗಕ್ಕೂ 2017ರಲ್ಲಿ ಒಂದು ಔಷಧ ದೊರೆಯಿತು. ತಜ್ಞರ ಮೇಲ್ವಿಚಾರಣೆಯಲ್ಲಿ ನಡಿಗೆಯನ್ನೂ ಬುದ್ಧಿಯ ಕೆಲಸವನ್ನೂ ಕೂಡಿಸಿ ಅಭ್ಯಾಸ ಮಾಡಿಸುವ ಪದ್ಧತಿಗಳು ಪರೀಕ್ಷೆಯಲ್ಲಿವೆ. ಅಭ್ಯಾಸದಿಂದ ಕೆಲವರಿಗೆ ಪ್ರಯೋಜನವಾಗಿದೆ. ನಮ್ಮ ದೇಶದಲ್ಲಿ ಈ ರೋಗಿಗಳ ಸಂಘವು 1985ರಿಂದ ಕೆಲಸ ಮಾಡುತ್ತಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಈ ರೋಗದ ಹೆಸರೇ ಇರಲಿಲ್ಲ. 2016ರ ಕಾಯಿದೆಯು ಎಣಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದು. ಕಾಯಿದೆಯು ಹಕ್ಕನ್ನು ಕೊಡಬಲ್ಲದು. ಪಕ್ಕದಲ್ಲಿ ನಡೆಯುವವರ ತಾಳ್ಮೆಯನ್ನು ಯಾವ ಕಾಯಿದೆಯೂ ಕೊಡಲಾರದು.

ಒಂದು ಆಕ್ಷೇಪ ಉಳಿದಿದೆ. “ದಾರಿಯಲ್ಲಿ ಸಿಕ್ಕವರೆಲ್ಲರ ಒಳಗಿನ ರೋಗವನ್ನು ನಾವು ಹೇಗೆ ಬಲ್ಲೆವು? ಮಾತನಾಡದವರಲ್ಲಿ ನಿಜವಾಗಿ ಗರ್ವಿಷ್ಠರೂ ಇರಬಹುದಲ್ಲ?” ಎಂದು ತಾವು ಕೇಳಬಹುದು. ಇರಬಹುದು. ಆದರೆ ಗರ್ವಿಷ್ಠನೊಬ್ಬನನ್ನು ತಪ್ಪಾಗಿ ಸಜ್ಜನನೆಂದು ಬಗೆದರೆ ನಮಗಾಗುವ ನಷ್ಟ ಅತ್ಯಲ್ಪ. ದುಡಿಯುತ್ತಿರುವವನನ್ನು ತಪ್ಪಾಗಿ ಗರ್ವಿಷ್ಠನೆಂದು ಜರೆದರೆ ಅವನಿಗಾಗುವ ನೋವು ಅಪಾರ. ಎರಡು ತಪ್ಪುಗಳಲ್ಲಿ ಒಂದನ್ನು ಮಾಡಲೇಬೇಕಾದರೆ ಮೊದಲನೆಯದನ್ನು ಮಾಡುವುದೇ ವಿವೇಕ. ತೀರ್ಪನ್ನು ಒಂದು ಗಳಿಗೆ ತಡೆಹಿಡಿಯುವುದು ಯಾರಿಗೂ ಅಸಾಧ್ಯವಲ್ಲ.

ಕಳೆದ ಸಮಾವೇಶಕ್ಕೂ ಗೆಳೆಯನು ಬಂದಿದ್ದ. ಈಗ ಕೈಯಲ್ಲಿ ಊರುಗೋಲಿದೆ. ಬಾಗಿಲಿನಿಂದ ಊಟದ ಮನೆಯವರೆಗೆ ಇಬ್ಬರೂ ಜೊತೆಯಾಗಿ ನಡೆದೆವು. ನಾನು ಒಂದು ಮಾತನ್ನೂ ಆಡಲಿಲ್ಲ. ಆರಂಭದಲ್ಲಿ ಆ ಮೌನವು ನನಗೆ ಭಾರವೆನಿಸಿತು. ಹತ್ತು ಹೆಜ್ಜೆ ಕಳೆದ ಮೇಲೆ ಅವನ ಹೆಜ್ಜೆಯ ಸಪ್ಪಳ, ಕೋಲಿನ ಸಪ್ಪಳ ಕೇಳತೊಡಗಿದವು. ನಡುವೆ ಯಾರೋ ಹಳಬರು ಎದುರಾಗಿ ಅವನನ್ನು ಮಾತನಾಡಿಸಲು ಬಂದರು. ನಾನು ಕೈಸನ್ನೆಯಿಂದ ಅವರನ್ನು ತಡೆದು, “ಕುಂತ ಮ್ಯಾಲ ಮಾತಾಡೋಣ್ರಿ” ಎಂದೆ. ಪಂಕ್ತಿಯಲ್ಲಿ ಕುಳಿತ ಮೇಲೆ ಅವನೇ ಮಾತು ತೆಗೆದ. ಮಗಳ ಮದುವೆ, ಮನೆಯ ಸಾಲ, ಶಾಲೆಯ ಹುಡುಗರ ಕಥೆ, ಎಲ್ಲವನ್ನೂ ಹೇಳಿದ. ಎಲೆಯ ಮೇಲಿನ ಅನ್ನ ಆರುವ ತನಕ ನಕ್ಕೆವು.

ಬಂಧುಗಳೇ, ನಡೆ–ನುಡಿಗಳು ಒಂದಾಗಬೇಕೆಂದು ನಾವು ಇತರರಿಗೆ ಹೇಳುತ್ತ ಬಂದಿದ್ದೇವೆ. ಅವೆರಡು ಒಬ್ಬ ಬಡಪಾಯಿಯ ಮೈಯಲ್ಲಿ ಒಂದಾಗಲಾರದೆ ಸೆಣಸುವಾಗ, ನಮ್ಮ ನುಡಿಯನ್ನು ತುಸು ಹಿಂದಕ್ಕೆ ತೆಗೆದುಕೊಂಡು ಅವನ ನಡೆಗೆ ದಾರಿ ಬಿಡುವುದು ನಮ್ಮ ಪಾಲಿನ ಕೆಲಸ. ಅಷ್ಟನ್ನು ಮಾಡಿದರೆ ಹಿರಿಯರು ಹೇಳಿದ ಆ ಹಳೆಯ ಮಾತಿಗೆ ನಾವೂ ಒಂದಿಷ್ಟು ನಡೆದುಕೊಂಡಂತೆ ಆಗುವುದು.